ಲೆಕ್ಕವನ್ನು ಮತ್ತೆ ಹಾಕಿದ ನರ್ಸ್: ಫ್ಲಾರೆನ್ಸ್ ನೈಟಿಂಗೇಲ್

ನನಗೆ ಬಯಾಲಜಿ ಕಲಿಸಿದ ಮೇಡಂ ಕಳೆದ ತಿಂಗಳು ಜಯನಗರ 4ನೇ ಬ್ಲಾಕ್ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಮ್ಮ ಕಾಲೇಜಿನಲ್ಲಿ ಪಿಸಿಎಂಬಿ ಮುಗಿಸಿ ಏಳು ವರ್ಷವಾದರೂ ಹೆಸರು ಹಿಡಿದು ಕರೆದರು. ಬಿ.ಎಸ್ಸಿ. ನರ್ಸಿಂಗ್ ಆಯಿತು, ವಾರ್ಡ್‌ನಲ್ಲಿ ಎರಡು ವರ್ಷ ಕೆಲಸವೂ ಆಯಿತು, ಈಗ ಎನ್‌ಕ್ಲೆಕ್ಸ್‌ಗೆ ಓದುತ್ತಿದ್ದೇನೆ ಎಂದೆ. ಹಾಗಾದರೆ ನಮ್ಮ ಪತ್ರಿಕೆಗೆ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಬರೆದುಕೊಡು ಎಂದರು. ಮೇಡಂಗೆ ಇಲ್ಲ ಎನ್ನಲು ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಎನ್‌ಕ್ಲೆಕ್ಸ್ ಎಂದರೆ ಅಮೆರಿಕದಲ್ಲಿ ನರ್ಸ್ ಆಗಿ ಕೆಲಸ ಮಾಡಲು ಬೇಕಾದ ಲೈಸೆನ್ಸ್ ಪರೀಕ್ಷೆ. ಬೆಂಗಳೂರಿನಲ್ಲೇ ಬರೆಯಬಹುದು. ಕಂಪ್ಯೂಟರ್ ಮುಂದೆ ಕೂತು ಐದು ಗಂಟೆಯೊಳಗೆ ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ನಾವು ಕೊಟ್ಟ ಉತ್ತರ ನೋಡಿಕೊಂಡು ಯಂತ್ರ ಮುಂದಿನ ಪ್ರಶ್ನೆ ಆರಿಸುತ್ತದೆ. ನಮ್ಮ ಮಟ್ಟ ಅದಕ್ಕೆ ಖಚಿತವಾದೊಡನೆ ಪರೀಕ್ಷೆ ನಿಂತುಹೋಗುತ್ತದೆ. ನನ್ನದು 85ಕ್ಕೇ ನಿಂತಿತು. ಪಾಸಾದವರಿಗೂ 85ಕ್ಕೆ ನಿಲ್ಲುತ್ತದೆ, ಫೇಲಾದವರಿಗೂ ನಿಲ್ಲುತ್ತದೆ. ನಾನು ಎರಡನೆಯ ಗುಂಪಿನವಳು. ಮನೆಯಲ್ಲಿ ಅಮ್ಮಿಗೆ ರಿಸಲ್ಟ್ ಇನ್ನೂ ಬಂದಿಲ್ಲ ಎಂದು ಹೇಳಿದೆ. ಹನ್ನೊಂದು ದಿನ ಅದನ್ನೇ ಹೇಳಿದೆ. ಆ ಹನ್ನೊಂದು ದಿನಗಳಲ್ಲೇ ಮೇಡಂ ಸಿಕ್ಕಿದ್ದು, ನೈಟಿಂಗೇಲ್ ಅವರ ಜೀವನ ಓದಲು ಕೂತದ್ದು.

ಶಾಲೆಯಲ್ಲಿ ನಾವೆಲ್ಲ ಓದಿದ್ದು ದೀಪ ಹಿಡಿದು ರಾತ್ರಿ ಓಡಾಡುತ್ತಿದ್ದ ಮಹಿಳೆಯ ಕಥೆ. ನರ್ಸಿಂಗ್ ಕಾಲೇಜಿನ ಮೊದಲ ವರ್ಷದಲ್ಲಿ ಬಿಳಿ ಸಮವಸ್ತ್ರ ಹಾಕಿ, ಕೈಯಲ್ಲಿ ಉರಿವ ದೀಪ ಹಿಡಿದು, ಅವರ ಹೆಸರಿನ ಪ್ರತಿಜ್ಞೆಯನ್ನೂ ಮಾಡಿದ್ದೆ. ಆ ಪ್ರತಿಜ್ಞೆ ಅವರು ಬರೆದದ್ದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಒಂದು ಆಸ್ಪತ್ರೆಯಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಜೊತೆಯವರು ಬರೆದದ್ದು ಎಂದು ಈಗ ತಿಳಿಯಿತು. ಆ ದೀಪವೂ ಚಿತ್ರಗಳಲ್ಲಿ ಕಾಣುವ ಅಲ್ಲಾವುದ್ದೀನನ ದೀಪದಂಥದ್ದಲ್ಲ, ಮಡಚಬಹುದಾದ ತುರ್ಕಿ ಲಾಟೀನು.

ಅವರು ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಇಂಗ್ಲೆಂಡಿನ ಶ್ರೀಮಂತ ಮನೆತನ, ಎರಡು ದೊಡ್ಡ ಬಂಗಲೆಗಳು. ತಂದೆ ತಾವೇ ಕೂತು ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಚರಿತ್ರೆ ಕಲಿಸಿದರು. ಅಕ್ಕನಿಗೆ ಓದಿಗಿಂತ ಚಿತ್ರ ಬರೆಯುವುದು ಇಷ್ಟ, ತಂಗಿಗೆ ಗಣಿತದ ಹುಚ್ಚು. ಹದಿನಾರನೇ ವಯಸ್ಸಿನಲ್ಲಿ, ಅಂದರೆ ನಿಮ್ಮಲ್ಲಿ ಬಹಳ ಮಂದಿಯ ಈಗಿನ ವಯಸ್ಸಿನಲ್ಲಿ, ದೇವರು ತನ್ನನ್ನು ಯಾವುದೋ ಸೇವೆಗೆ ಕರೆದಿದ್ದಾನೆ ಎಂದು ಅವರಿಗೆ ಅನಿಸಿತು. ಯಾವ ಸೇವೆ ಎಂದು ಗೊತ್ತಾಗಲು ಇನ್ನೂ ಏಳೆಂಟು ವರ್ಷ ಹಿಡಿಯಿತು. ನರ್ಸ್ ಆಗುತ್ತೇನೆ ಎಂದಾಗ ಮನೆಯಲ್ಲಿ ರಂಪವಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ನರ್ಸ್ ಕೆಲಸ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳದ್ದಲ್ಲ, ಕುಡಿಯುವವರದು, ದಿಕ್ಕಿಲ್ಲದವರದು ಎಂಬ ಮಾತಿತ್ತು. ನಮ್ಮ ಕಡೆಯೂ ಈ ಮಾತು ಪೂರ್ತಿ ಸತ್ತಿಲ್ಲ. ನನಗೆ ನರ್ಸಿಂಗ್ ಸೀಟು ಸಿಕ್ಕಾಗ, ರಾತ್ರಿ ಡ್ಯೂಟಿ ಇರುತ್ತದಂತೆ, ನಾಳೆ ಯಾರು ಮದುವೆಯಾಗುತ್ತಾರೆ ಎಂದು ಕೇಳಿದವರು ನಮ್ಮ ಗುರಪ್ಪನಪಾಳ್ಯದ ಮನೆಗೂ ಬಂದಿದ್ದರು.

ಅವರು ಹಠ ಬಿಡಲಿಲ್ಲ. ಮನೆಯವರು ಏಳುವ ಮುಂಚೆ ಎದ್ದು, ಮೇಣದ ಬತ್ತಿ ಹಚ್ಚಿಕೊಂಡು, ಆಸ್ಪತ್ರೆಗಳ ಸರ್ಕಾರಿ ವರದಿಗಳನ್ನು ಓದಿ ಅಂಕಿಅಂಶಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ತಿಂಡಿಯ ಹೊತ್ತಿಗೆ ಕೆಳಗಿಳಿದು ಒಳ್ಳೆಯ ಮಗಳಾಗುತ್ತಿದ್ದರು. ಫಜ್ರ್ ಅಜಾನ್ ಕೇಳಿಸುವ ಹೊತ್ತಿಗೆ ಎದ್ದು ಓದುವ ನನಗೆ ಈ ಭಾಗ ತುಂಬ ಹತ್ತಿರದ್ದು ಅನಿಸಿತು. 1851ರಲ್ಲಿ, 31ನೇ ವಯಸ್ಸಿಗೆ, ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಮೂರು ತಿಂಗಳ ತರಬೇತಿಗೆ ಹೋಗಲು ಸಾಧ್ಯವಾಯಿತು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ಸಿಕ್ಕಿತು. ಅಲ್ಲಿ ಅವರು ಕೇಳಿದ ಮೊದಲ ಅನುಕೂಲಗಳಲ್ಲಿ ಒಂದು, ರೋಗಿ ಒತ್ತಿದರೆ ಯಾರು ಕರೆದರು ಎಂದು ನರ್ಸ್‌ಗೆ ಗೊತ್ತಾಗುವಂಥ ಗಂಟೆ. ಹಾಸಿಗೆಯಿಂದ ಬೀಳುವ ಅಪಾಯವಿರುವ ರೋಗಿಯನ್ನು ಬಿಟ್ಟು ಹೊರಡುವ ಮುಂಚೆ ನರ್ಸ್ ಏನು ಮಾಡಬೇಕು ಎಂದು ನಮ್ಮ ಪರೀಕ್ಷೆಯಲ್ಲಿ ಕೇಳುತ್ತಲೇ ಇರುತ್ತಾರೆ. ಕರೆಗಂಟೆ ಕೈಗೆ ಎಟಕುವಂತೆ ಇಡುವುದು ಉತ್ತರಗಳಲ್ಲಿ ಇದ್ದೇ ಇರುತ್ತದೆ.

1854ರಲ್ಲಿ ಕ್ರಿಮಿಯನ್ ಯುದ್ಧ. ಬ್ರಿಟನ್, ಫ್ರಾನ್ಸ್, ಉಸ್ಮಾನಿಯಾ ತುರ್ಕರು ಒಂದು ಕಡೆ, ರಷ್ಯಾ ಇನ್ನೊಂದು ಕಡೆ. ಗಾಯಾಳುಗಳ ದುಃಸ್ಥಿತಿ ಪತ್ರಿಕೆಗಳಲ್ಲಿ ಬಂದು ಇಂಗ್ಲೆಂಡ್ ರೊಚ್ಚಿಗೆದ್ದಿತು. ಪರಿಚಯದ ಮಂತ್ರಿ ಸಿಡ್ನಿ ಹರ್ಬರ್ಟ್ ಅವರು ನೈಟಿಂಗೇಲ್ ಅವರನ್ನು 38 ನರ್ಸ್‌ಗಳ ಜೊತೆ ಕಳಿಸಿದರು. ನವೆಂಬರ್ 4ರಂದು ಅವರು ಇಳಿದದ್ದು ಇಸ್ತಾಂಬುಲ್‌ನ ಏಷ್ಯಾ ದಡದ ಉಸ್ಕುದಾರ್‌ನಲ್ಲಿ. ಇಂಗ್ಲಿಷರು ಅದನ್ನು ಸ್ಕುಟಾರಿ ಎನ್ನುತ್ತಿದ್ದರು. ತುರ್ಕಿ ಸುಲ್ತಾನರ ಸೈನ್ಯದ ದೊಡ್ಡ ಬ್ಯಾರಕ್ಕನ್ನೇ ಆಸ್ಪತ್ರೆ ಮಾಡಲಾಗಿತ್ತು. ಹಾಸಿಗೆಗಳ ಸಾಲು ಮೈಲಿಗಟ್ಟಲೆ. ಬಟ್ಟೆ ಇಲ್ಲ, ಸೋಪು ಇಲ್ಲ, ನೆಲದ ಕೆಳಗೆ ಕಟ್ಟಿಕೊಂಡ ಮೋರಿ. ನೈಟಿಂಗೇಲ್ ಅಡುಗೆಮನೆ ಸರಿಪಡಿಸಿದರು, ಬಟ್ಟೆ ಒಗೆಸುವ ಏರ್ಪಾಡು ಮಾಡಿದರು, ಸಾಮಾನು ತರಿಸಿದರು, ರಾತ್ರಿ ಲಾಟೀನು ಹಿಡಿದು ವಾರ್ಡ್ ಸುತ್ತಿದರು. ಶಾಲೆಯ ಪಾಠ ಇಲ್ಲಿಗೇ ಮುಗಿಯುತ್ತದೆ, ಎಲ್ಲರೂ ಗುಣವಾದರು ಎಂಬಂತೆ.

ನಿಜ ಹಾಗಿರಲಿಲ್ಲ. ಅವರು ಬಂದ ಮೇಲೆ ಸಾವು ಕಡಿಮೆಯಾಗಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಯ ಸಾವಿನ ಪ್ರಮಾಣ ನೂರಕ್ಕೆ 42ನ್ನು ದಾಟಿತ್ತು. ಮಾರ್ಚ್‌ನಲ್ಲಿ ಲಂಡನ್ನಿನಿಂದ ಸ್ಯಾನಿಟರಿ ಕಮಿಷನ್ ಬಂತು. ಅವರು ಮೋರಿಗಳನ್ನು ತೆರವು ಮಾಡಿಸಿದರು, ನೀರಿನ ದಾರಿಯಲ್ಲಿ ಕೊಳೆಯುತ್ತಿದ್ದ ಸತ್ತ ಪ್ರಾಣಿಗಳನ್ನು ತೆಗೆಸಿದರು, ಗೋಡೆಗಳಿಗೆ ಸುಣ್ಣ ಹೊಡೆಸಿದರು, ಗಾಳಿ ಆಡುವಂತೆ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ನೈಟಿಂಗೇಲ್ ಅವರಿಗೆ ಇದು ಆಗಲೇ ಹೊಳೆಯಲಿಲ್ಲ. ಸೈನಿಕರು ಸತ್ತದ್ದು ಊಟ ಸರಿಯಿಲ್ಲದೆ, ಸಾಮಾನು ತಲುಪದೆ, ತೀರಾ ಸುಸ್ತಾದ ಮೇಲೆ ಆಸ್ಪತ್ರೆಗೆ ತಂದದ್ದರಿಂದ ಎಂದೇ ನಂಬಿಕೊಂಡು 1856ರಲ್ಲಿ ಊರಿಗೆ ಮರಳಿದರು. ದೇಶವೆಲ್ಲ ಕೊಂಡಾಡುತ್ತಿತ್ತು. ಅವರು ಮೆರವಣಿಗೆಗೆ ಸಿಗದೆ ಸದ್ದಿಲ್ಲದೆ ಮನೆ ಸೇರಿ, ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರ ಜೊತೆ ಸಾವಿನ ಪಟ್ಟಿಗಳನ್ನು ಹಿಡಿದು ಕೂತರು. ಎಲ್ಲ ಆಸ್ಪತ್ರೆಗಳ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದಾಗ ಅತಿ ಹೆಚ್ಚು ಜನ ಸತ್ತದ್ದು ಸ್ಕುಟಾರಿಯಲ್ಲಿ, ತಮ್ಮ ಕಣ್ಣೆದುರಿಗೇ ಎಂದು ಕಂಡಿತು. ಊಟ, ಬಟ್ಟೆಗಿಂತ ದೊಡ್ಡ ಕೊಲೆಗಾರ ಕಟ್ಟಡದ ಹೊಲಸು. ಅದು ತಮಗೆ ಆ ಚಳಿಗಾಲದಲ್ಲಿ ಕಂಡಿರಲಿಲ್ಲ. 36-37 ವರ್ಷದ, ಜಗತ್ತೇ ದೇವತೆ ಎನ್ನುತ್ತಿದ್ದ ಹೆಂಗಸಿಗೆ ಇದನ್ನು ಒಪ್ಪಿಕೊಳ್ಳುವ ಅಗತ್ಯ ಯಾರೂ ತಂದಿರಲಿಲ್ಲ. ಅವರು ಒಪ್ಪಿಕೊಂಡರು. ಒಪ್ಪಿಕೊಂಡಿದ್ದಷ್ಟೇ ಅಲ್ಲ, ರಾಣಿಗೂ ಮಂತ್ರಿಗಳಿಗೂ ಒಂದೇ ನೋಟಕ್ಕೆ ತಿಳಿಯಲಿ ಎಂದು ಅದನ್ನು ಚಿತ್ರ ಮಾಡಿದರು. ತಿಂಗಳಿಗೊಂದರಂತೆ ಹನ್ನೆರಡು ಎಸಳಿನ ಹೂವಿನಂಥ ನಕ್ಷೆ, ಗಾಯದ ಸಾವಿಗೆ ಒಂದು ಬಣ್ಣ, ತಡೆಯಬಹುದಾಗಿದ್ದ ರೋಗದ ಸಾವಿಗೆ ಇನ್ನೊಂದು. ರೋಗದ ಬಣ್ಣವೇ ಪುಟ ತುಂಬ. ಸ್ಟ್ಯಾಟಿಸ್ಟಿಕ್ಸ್ ಓದುವವರು ಇದನ್ನು ನೋಡಲೇಬೇಕು. ಲಂಡನ್ನಿನ ಅಂಕಿಅಂಶ ಸಂಘ ಸದಸ್ಯರನ್ನಾಗಿ ಆರಿಸಿದ ಮೊದಲ ಮಹಿಳೆ ಅವರೇ.

ಇದನ್ನು ಓದಿದ ಸಂಜೆ ನಾನು ನನ್ನ ಫೇಲಾದ ವರದಿಯನ್ನು ಮತ್ತೆ ತೆಗೆದೆ. ಫೇಲಾದವರಿಗೆ ಯಾವ ವಿಷಯದಲ್ಲಿ ಮಟ್ಟಕ್ಕಿಂತ ಮೇಲಿದ್ದೀರಿ, ಯಾವುದರಲ್ಲಿ ಕೆಳಗಿದ್ದೀರಿ ಎಂದು ಒಂದು ಹಾಳೆ ಕೊಡುತ್ತಾರೆ. ಔಷಧಿಗಳ ಹೆಸರು ನೆನಪಿಲ್ಲದೆ ಫೇಲಾದೆ ಎಂದೇ ನಾನು ನಂಬಿದ್ದೆ. ಎರಡು ವಾರದಿಂದ ಪೊಟ್ಯಾಸಿಯಂ 3.5ರಿಂದ 5, ಡಿಗಾಕ್ಸಿನ್ ಕೊಡುವ ಮುಂಚೆ ನಾಡಿ ಒಂದು ನಿಮಿಷ ಪೂರ್ತಿ ಎಣಿಸು, 60ಕ್ಕಿಂತ ಕಡಿಮೆ ಇದ್ದರೆ ಕೊಡದೆ ಡಾಕ್ಟರಿಗೆ ತಿಳಿಸು ಎಂದು ಅದನ್ನೇ ಬಾಯಿಪಾಠ ಮಾಡುತ್ತಿದ್ದೆ. ಹಾಳೆಯಲ್ಲಿ ಔಷಧಿ ವಿಭಾಗ ಸರಿಯಾಗೇ ಇತ್ತು. ಮಟ್ಟಕ್ಕಿಂತ ಕೆಳಗಿದ್ದದ್ದು ಸುರಕ್ಷತೆ ಮತ್ತು ಸೋಂಕು ತಡೆ. ಎರಡು ವರ್ಷ ವಾರ್ಡ್‌ನಲ್ಲಿ ದಿನಕ್ಕೆ ನೂರು ಸಲ ಕೈ ತೊಳೆದವಳಿಗೆ ಅದು ಗೊತ್ತೇ ಇದೆ ಎಂದು ಪುಸ್ತಕದ ಆ ಭಾಗ ತೆರೆದೇ ಇರಲಿಲ್ಲ.

ತೆರೆದೆ. ಸಿ. ಡಿಫ್ ಎಂಬ ಬ್ಯಾಕ್ಟೀರಿಯಾದ ಭೇದಿ ಇರುವ ರೋಗಿಯನ್ನು ಮುಟ್ಟಿದ ಮೇಲೆ ಸ್ಯಾನಿಟೈಸರ್ ಸಾಲದು, ಅದರ ಬೀಜಕಣಗಳು ಆಲ್ಕೋಹಾಲಿಗೆ ಸಾಯುವುದಿಲ್ಲ, ಸೋಪು ನೀರೇ ಬೇಕು. ಕ್ಷಯ, ದಡಾರ, ಸಿಡುಬಿನಂಥ ಗುಳ್ಳೆ ಏಳುವ ಚಿಕನ್‌ಪಾಕ್ಸ್ ಗಾಳಿಯಲ್ಲಿ ಹರಡುತ್ತವೆ, ಅಂಥವರಿಗೆ ಗಾಳಿ ಹೊರಗಿನ ಓಣಿಗೆ ನುಗ್ಗದಂಥ ಪ್ರತ್ಯೇಕ ಕೋಣೆ, ನರ್ಸ್‌ಗೆ ಎನ್-95 ಮಾಸ್ಕ್. ಫ್ಲೂಗೆ ಸಾಮಾನ್ಯ ಸರ್ಜಿಕಲ್ ಮಾಸ್ಕ್ ಸಾಕು. ನಾನು ಇವನ್ನು ಅದಲುಬದಲು ಮಾಡಿಕೊಂಡಿದ್ದೆ.

ನೈಟಿಂಗೇಲ್ ಅವರಿಗೆ ರೋಗಾಣು ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ನಂಬಿದ್ದರು, ರೋಗಾಣು ಸಿದ್ಧಾಂತ ಬಂದ ಮೇಲೂ ಬಹಳ ಕಾಲ ಅನುಮಾನದಿಂದಲೇ ನೋಡಿದರು. ಆದರೂ 1859ರಲ್ಲಿ ಬರೆದ ನರ್ಸಿಂಗ್ ಪುಸ್ತಕದಲ್ಲಿ ಕಿಟಕಿ ತೆಗೆಯಿರಿ, ದಿನದಲ್ಲಿ ಆಗಾಗ ಕೈ ತೊಳೆಯಿರಿ ಎಂದರು. ಆ ಪುಸ್ತಕದ ನಿಜವಾದ ಬೆಲೆ ನನ್ನ ಮಟ್ಟಿಗೆ ಗಮನಿಸುವುದರ ಬಗ್ಗೆ ಇರುವ ಅಧ್ಯಾಯ. ರಾತ್ರಿ ಚೆನ್ನಾಗಿ ನಿದ್ದೆ ಬಂತಾ ಎಂದು ಕೇಳಬೇಡಿ, ಎಷ್ಟು ಗಂಟೆ ಮಲಗಿದರು, ಯಾವ ಹೊತ್ತಿನಲ್ಲಿ ಎಂದು ಕೇಳಿ ಎಂಬ ಅರ್ಥದ ಮಾತು ಅಲ್ಲಿದೆ. ತಾವಿಲ್ಲದಾಗಲೂ ಕೆಲಸ ತಾವಿದ್ದಂತೆಯೇ ನಡೆಯುವ ಹಾಗೆ ಏರ್ಪಾಡು ಮಾಡಿ ಹೋಗಬೇಕು ಎಂಬುದೂ ಇದೆ. ಶಿಫ್ಟ್ ಬದಲಾಗುವಾಗ ನಾವು ಕೊಡುವ ಹ್ಯಾಂಡೋವರ್ ಅದೇ ತಾನೇ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಶುರುವಾಯಿತು. ಯುದ್ಧದಲ್ಲಿ ಹತ್ತಿದ ಜ್ವರದ ಪರಿಣಾಮವಾಗಿ ಅವರು ಅಷ್ಟು ಹೊತ್ತಿಗೆ ಬಹುಪಾಲು ಹಾಸಿಗೆ ಹಿಡಿದಿದ್ದರು. ಮುಂದಿನ ಹಲವು ವರ್ಷಗಳ ಕೆಲಸವೆಲ್ಲ ಮಲಗಿದಲ್ಲಿಂದಲೇ, ಕಾಗದಗಳ ಮೂಲಕ. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ 1863ರ ರಾಯಲ್ ಕಮಿಷನ್ನಿಗಾಗಿ ಇಲ್ಲಿನ ದಂಡುಗಳಿಂದ ಬಂದ ಉತ್ತರಗಳ ರಾಶಿಯನ್ನು ಓದಿದರು. ಅದರಲ್ಲಿ ನಮ್ಮ ಬೆಂಗಳೂರು ದಂಡೂ ಇತ್ತು. ಬಜಾರಿನ ಕೊಳಚೆ ಹಲಸೂರು ಕೆರೆ ಸೇರುತ್ತಿದ್ದುದನ್ನು, ಅದೇ ಕೆರೆಯ ನೀರು ಕುಡಿಯಲು ಹೋಗುತ್ತಿದ್ದುದನ್ನು ಲಂಡನ್ನಿನ ಕೋಣೆಯಲ್ಲಿ ಕೂತು ಎತ್ತಿ ತೋರಿಸಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69ರಷ್ಟು ಸಾಯುತ್ತಿದ್ದರೆ, ಹತ್ತು ವರ್ಷದಲ್ಲಿ ಅದು 18ಕ್ಕೆ ಇಳಿಯಿತು ಎಂದು ಅವರು ಬರೆದರು. ಮೊದಲಿಗೆ ಅವರ ಚಿಂತೆ ಆಳುವವರ ಸೈನ್ಯದ್ದೇ ಎಂಬುದನ್ನು ಮರೆಯಬಾರದು. ನಂತರ, ಮೈಸೂರು ಸಂಸ್ಥಾನವನ್ನೂ ಹಿಂಡಿದ 1876-78ರ ಬರದ ಹೊತ್ತಿಗೆ, ನೀರಾವರಿ, ರೈತರ ಸಾಲದ ಬಗ್ಗೆಯೂ ಬರೆಯತೊಡಗಿದ್ದರು.

ನನ್ನನ್ನು ನಗಿಸಿದ ಸಂಗತಿ ಒಂದಿದೆ. ನರ್ಸ್‌ಗಳಿಗೆ ಪರೀಕ್ಷೆ ಇಟ್ಟು, ಪಾಸಾದವರ ಹೆಸರನ್ನು ದೇಶದ ರಿಜಿಸ್ಟರಿನಲ್ಲಿ ಬರೆಯಬೇಕು ಎಂಬ ಬೇಡಿಕೆ 1887ರ ನಂತರ ಇಂಗ್ಲೆಂಡಿನಲ್ಲಿ ಜೋರಾಯಿತು. ಅದರ ಮುಂದಾಳು ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್. ಅದನ್ನು ಗಟ್ಟಿಯಾಗಿ ವಿರೋಧಿಸಿದವರು ಫ್ಲಾರೆನ್ಸ್ ನೈಟಿಂಗೇಲ್! ಒಳ್ಳೆಯ ನರ್ಸ್ ಯಾರೆಂದು ಪರೀಕ್ಷೆಯಿಂದ ತಿಳಿಯದು, ಒಂದು ವರ್ಷ ಪಾಸಾದವಳು ಹತ್ತು ವರ್ಷದ ಮೇಲೂ ಹಾಗೇ ಇರುತ್ತಾಳೆಂದು ಪಟ್ಟಿ ಹೇಗೆ ಹೇಳುತ್ತದೆ ಎಂಬುದು ಅವರ ವಾದ. ಫೇಲಾದವಳಿಗೆ ಇದಕ್ಕಿಂತ ಸಿಹಿ ಮಾತು ಬೇಕೇ? ಆದರೂ ನಾನು ಫೆನ್‌ವಿಕ್ ಅವರ ಪಕ್ಷ. ಗುರುತಿಲ್ಲದ ಊರಿನಲ್ಲಿ, ಬೇರೆ ಭಾಷೆಯ ರೋಗಿ ನನ್ನ ಕೈಯ ಸಿರಿಂಜನ್ನು ನಂಬಬೇಕಾದರೆ ಯಾರಾದರೂ ನನ್ನನ್ನು ಪರೀಕ್ಷಿಸಿರಬೇಕು. ಬ್ರಿಟನ್ನಿನಲ್ಲಿ ಕಾನೂನು ಬಂದದ್ದು ಅವರು ತೀರಿಕೊಂಡು ಒಂಬತ್ತು ವರ್ಷದ ಮೇಲೆ, 1919ರಲ್ಲಿ. ನಮ್ಮಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯಿದೆ 1947ರದ್ದು. 2023ರ ಏಪ್ರಿಲ್‌ನಿಂದ ಎನ್‌ಕ್ಲೆಕ್ಸ್ ಕೂಡ ಬದಲಾಗಿದೆ. ಒಬ್ಬನೇ ರೋಗಿಯ ಕಥೆ ಗಂಟೆಗಂಟೆಗೂ ಬದಲಾಗುತ್ತ ಹೋಗುತ್ತದೆ. ಏನು ಕಂಡೆ, ಅದರ ಅರ್ಥವೇನು, ಯಾವುದು ಮೊದಲು, ಏನು ಮಾಡಿದೆ, ಮಾಡಿದ್ದು ಫಲಿಸಿತೇ ಎಂದು ಹೆಜ್ಜೆಹೆಜ್ಜೆಗೂ ಕೇಳುತ್ತದೆ. ಆಪರೇಷನ್ ಆದ ರೋಗಿ ಸುಮ್ಮನೆ ಚಡಪಡಿಸುತ್ತಿದ್ದರೆ ನೋವಿನ ಇಂಜೆಕ್ಷನ್ನಿಗೆ ಓಡಬಾರದು. ಮೊದಲು ಉಸಿರಾಟ, ಆಕ್ಸಿಜನ್ ನೋಡಬೇಕು, ಚಡಪಡಿಕೆ ಆಕ್ಸಿಜನ್ ಕೊರತೆಯ ಮೊದಲ ಸುಳಿವಿರಬಹುದು. ಇಂಥ ಪರೀಕ್ಷೆಯನ್ನು ನೋಡಿದ್ದರೆ ನೈಟಿಂಗೇಲ್ ಅಷ್ಟು ಸಿಟ್ಟಾಗುತ್ತಿರಲಿಲ್ಲವೇನೋ.

1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ದೊಡ್ಡ ಗೌರವ ಬಂತು, ಅದನ್ನು ಪಡೆದ ಮೊದಲ ಮಹಿಳೆ. ಅಷ್ಟರಲ್ಲಿ ಕಣ್ಣು ಕಾಣುತ್ತಿರಲಿಲ್ಲ, ನೆನಪೂ ಮಾಸಿತ್ತು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ವೈದ್ಯಕೀಯ ಕಲಿಕೆಗೆ ಕೊಡಿ ಎಂದು ಬರೆದಿಟ್ಟಿದ್ದರು, ಅದು ನಡೆಯಲಿಲ್ಲ. ದೊಡ್ಡವರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಜಾಗ ಕೊಡುತ್ತೇವೆಂದರೂ ಮನೆಯವರು ಬೇಡವೆಂದು ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವರಿಗಾಗಿ ಕೆತ್ತಿರುವುದು ಹೆಸರಿನ ಎರಡು ಅಕ್ಷರ, ಹುಟ್ಟಿದ ದಿನ, ಸತ್ತ ದಿನ, ಅಷ್ಟೇ.

ಫೇಲಾದ ಮೇಲೆ 45 ದಿನ ಕಾಯಬೇಕು ಎಂಬುದು ನಿಯಮ. ಹನ್ನೆರಡನೇ ದಿನ ಆ ಹಾಳೆಯನ್ನು ಅಮ್ಮಿಯ ಮುಂದೆ ಇಟ್ಟು ಯಾವುದು ಕೆಳಗಿದೆ, ಯಾವುದು ಮೇಲಿದೆ ಎಂದು ಬೆರಳಿಟ್ಟು ತೋರಿಸಿದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಪೂರ್ತಿ ಕೇಳಿಸಿಕೊಂಡು, ಕೈ ತೊಳೆಯುವುದರಲ್ಲಿ ಫೇಲಾದೆಯಾ ಎಂದು ಕೇಳಿ ನಕ್ಕುಬಿಟ್ಟರು. ನನ್ನ ಎರಡನೇ ಪರೀಕ್ಷೆ ಬರುವ ತಿಂಗಳು.