ವಾಂಗ್ ಕಿಮ್ ಆರ್ಕ್

ವಾಂಗ್ ಕಿಮ್ ಆರ್ಕ್ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಜನಿಸಿದ ಚೀನೀ ಮೂಲದ ಅಡುಗೆಯವರು. ತಮ್ಮ ಪೌರತ್ವಕ್ಕಾಗಿ ಅವರು ನಡೆಸಿದ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ೧೮೯೮ರಲ್ಲಿ ನೀಡಿದ ತೀರ್ಪು, ಆ ದೇಶದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಅಲ್ಲಿನ ಪೌರರು ಎಂಬ ತತ್ತ್ವಕ್ಕೆ ಮುಖ್ಯ ಆಧಾರವಾಯಿತು. ಜನ್ಮಸಿದ್ಧ ಪೌರತ್ವ ಮತ್ತು ಅಕ್ರಮ ವಲಸೆಯ ಕುರಿತ ಇಂದಿನ ಚರ್ಚೆಗಳಲ್ಲಿಯೂ ಅವರ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ.

ಜನನ ಮತ್ತು ಆರಂಭಿಕ ಜೀವನ

ವಾಂಗ್ ಅವರು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸ್ಯಾಕ್ರಮೆಂಟೊ ಬೀದಿಯ ೭೫೧ನೇ ಸಂಖ್ಯೆಯ ಮನೆಯಲ್ಲಿ ಜನಿಸಿದರು. ಅವರ ಜನ್ಮವರ್ಷ ದಾಖಲೆಯಿಂದ ದಾಖಲೆಗೆ ವ್ಯತ್ಯಾಸವಾಗುತ್ತದೆ. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಅದು ೧೮೭೩ ಎಂದಿದೆ. ತಂದೆ ವಾಂಗ್ ಸಿ ಪಿಂಗ್, ತಾಯಿ ವೀ ಲೀ. ಅದೇ ನಗರದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಈ ದಂಪತಿಗಳು ಚೀನಾದ ಚಕ್ರವರ್ತಿಯ ಪ್ರಜೆಗಳಾಗಿದ್ದರು.

೧೮೮೨ರ ಚೀನೀಯರ ಬಹಿಷ್ಕಾರ ಕಾಯಿದೆಯು ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿತು. ಚೀನೀಯರಿಗೆ ಪೌರತ್ವ ನೀಡಕೂಡದೆಂದು ನ್ಯಾಯಾಲಯಗಳಿಗೂ ಅದು ವಿಧಿಸಿತು. ಹೀಗಾಗಿ ಅಮೆರಿಕದ ನೆಲದಲ್ಲಿ ಹುಟ್ಟುವುದರ ಹೊರತು ಚೀನೀ ಮೂಲದವರಿಗೆ ಪೌರತ್ವದ ದಾರಿ ಬಹುಮಟ್ಟಿಗೆ ಉಳಿದಿರಲಿಲ್ಲ. ವಾಂಗ್ ಅವರ ತಂದೆತಾಯಿ ೧೮೯೦ರಲ್ಲಿ ಚೀನಾಕ್ಕೆ ಮರಳಿದರು. ವಾಂಗ್ ಅವರೂ ಚೀನಾಕ್ಕೆ ಹೋಗಿ ವಿವಾಹವಾಗಿ, ಅದೇ ವರ್ಷ ಹಿಂದಿರುಗಿದರು. ಆಗ ಅಧಿಕಾರಿಗಳು ಅವರನ್ನು ಅಮೆರಿಕದಲ್ಲಿ ಹುಟ್ಟಿದವರೆಂದು ಒಪ್ಪಿ ಒಳಬಿಟ್ಟರು.

ಹಡಗಿನಲ್ಲಿ ಬಂಧನ

೧೮೯೪ರ ನವೆಂಬರ್‌ನಲ್ಲಿ ವಾಂಗ್ ಅವರು ಮತ್ತೊಮ್ಮೆ ಚೀನಾಕ್ಕೆ ಹೊರಟರು. ತಾವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರೆಂದು ಅಲ್ಲಿನ ಬಿಳಿಯ ನಿವಾಸಿಗಳು ಸಹಿ ಮಾಡಿದ ಸಾಕ್ಷ್ಯಪತ್ರವನ್ನು ಮೊದಲೇ ಮಾಡಿಸಿಕೊಂಡಿದ್ದರು. ೧೮೯೫ರ ಆಗಸ್ಟ್‌ನಲ್ಲಿ ಕಾಪ್ಟಿಕ್ ಎಂಬ ಹಡಗಿನಲ್ಲಿ ಮರಳಿದಾಗ ಬಂದರಿನ ಸುಂಕಾಧಿಕಾರಿ ಜಾನ್ ವೈಸ್ ಅವರಿಗೆ ಪ್ರವೇಶ ನಿರಾಕರಿಸಿದನು. ವಾಂಗ್ ಅಲ್ಲಿ ಹುಟ್ಟಿದ್ದು ನಿಜವಾದರೂ ತಂದೆತಾಯಿ ಚೀನೀಯರಾದ್ದರಿಂದ ಅವರು ಪೌರರಲ್ಲ ಎಂಬುದು ಸರ್ಕಾರದ ನಿಲುವಾಗಿತ್ತು. ತಾವು ಹುಟ್ಟಿದ ಊರು ಕಣ್ಣೆದುರಿಗೇ ಇದ್ದರೂ ದಡಕ್ಕಿಳಿಯಲಾಗದೆ, ವಾಂಗ್ ಅವರು ಹಡಗಿನಿಂದ ಹಡಗಿಗೆ ವರ್ಗಾಯಿಸಲ್ಪಡುತ್ತ ತಿಂಗಳುಗಟ್ಟಲೆ ಬಂಧನದಲ್ಲಿರಬೇಕಾಯಿತು.

ನ್ಯಾಯಾಲಯದಲ್ಲಿ

ಸ್ಯಾನ್ ಫ್ರಾನ್ಸಿಸ್ಕೋದ ಚೀನೀಯರ ಒಕ್ಕೂಟವಾದ ಸಿಕ್ಸ್ ಕಂಪನೀಸ್‌ನ ಬೆಂಬಲದೊಂದಿಗೆ ವಕೀಲ ಥಾಮಸ್ ರಿಯೋರ್ಡನ್ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ಜಿಲ್ಲಾ ನ್ಯಾಯಾಧೀಶ ವಿಲಿಯಂ ಮಾರೋ ೧೮೯೬ರ ಜನವರಿ ೩ರಂದು ವಾಂಗ್ ಅವರ ಪರವಾಗಿ ತೀರ್ಪಿತ್ತರು. ಸರ್ಕಾರ ಮೇಲ್ಮನವಿ ಹೋಯಿತು.

ವಿವಾದವು ೧೮೬೮ರಲ್ಲಿ ಅಂಗೀಕಾರವಾದ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯನ್ನು ಕುರಿತದ್ದಾಗಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದವರ ಪೌರತ್ವವನ್ನು ಭದ್ರಪಡಿಸಲು ಬಂದ ಈ ತಿದ್ದುಪಡಿಯು, ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರನ್ನೆಲ್ಲ ಪೌರರೆಂದು ಸಾರುತ್ತದೆ. ಪರದೇಶದ ಪ್ರಜೆಗಳ ಮಕ್ಕಳು ಈ ಅಧಿಕಾರವ್ಯಾಪ್ತಿಗೆ ಪೂರ್ಣವಾಗಿ ಒಳಪಟ್ಟವರಲ್ಲ ಎಂದು ಸರ್ಕಾರ ವಾದಿಸಿತು.

೧೮೯೮ರ ಮಾರ್ಚ್ ೨೮ರಂದು ಸರ್ವೋಚ್ಚ ನ್ಯಾಯಾಲಯವು ೬–೨ರ ಬಹುಮತದಿಂದ ಈ ವಾದವನ್ನು ತಳ್ಳಿಹಾಕಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಹೊರೇಸ್ ಗ್ರೇ, ಹುಟ್ಟಿದ ನೆಲವೇ ಪ್ರಜಾತ್ವವನ್ನು ನಿರ್ಣಯಿಸುತ್ತದೆಂಬ ಇಂಗ್ಲೆಂಡಿನ ಹಳೆಯ ಕಾನೂನು ಪರಂಪರೆಯನ್ನು ಆಧಾರವಾಗಿಟ್ಟುಕೊಂಡರು. ವಿದೇಶೀ ರಾಯಭಾರಿಗಳ ಮಕ್ಕಳು, ಆಕ್ರಮಿಸಿಕೊಂಡ ಶತ್ರುಗಳ ಮಕ್ಕಳು, ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳು ಮುಂತಾದ ಕೆಲವೇ ಅಪವಾದಗಳನ್ನು ಅವರು ಗುರುತಿಸಿದರು. ಮುಖ್ಯ ನ್ಯಾಯಮೂರ್ತಿ ಮೆಲ್ವಿಲ್ ಫುಲ್ಲರ್ ಮತ್ತು ನ್ಯಾಯಮೂರ್ತಿ ಜಾನ್ ಹಾರ್ಲನ್ ಭಿನ್ನಮತ ವ್ಯಕ್ತಪಡಿಸಿದರು.

ನಂತರದ ಜೀವನ

ಈ ಗೆಲುವಿನಿಂದ ವಾಂಗ್ ಅವರ ತೊಂದರೆಗಳು ಮುಗಿಯಲಿಲ್ಲ. ೧೯೦೧ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ, ದೇಶದೊಳಗೆ ಅಕ್ರಮವಾಗಿ ಇದ್ದಾರೆಂಬ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ತಿಂಗಳುಗಳ ನಂತರವಷ್ಟೇ ಪ್ರಕರಣ ಕೈಬಿಟ್ಟಿತು. ಚೀನಾಕ್ಕೆ ಪ್ರಯಾಣ ಮಾಡುವ ಮುನ್ನ ಅವರು ಪೌರತ್ವವನ್ನು ಮತ್ತೆ ರುಜುವಾತುಪಡಿಸಬೇಕಾಗುತ್ತಿತ್ತು. ೧೯೧೦ರಲ್ಲಿ ಚೀನಾದಿಂದ ಬಂದ ಅವರ ಹಿರಿಯ ಮಗನನ್ನು, ತಂದೆ ಮಗನ ಹೇಳಿಕೆಗಳು ಹೊಂದುವುದಿಲ್ಲವೆಂಬ ಕಾರಣಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಕಿರಿಯ ಮೂವರು ಪುತ್ರರಿಗೆ ಮುಂದೆ ಪ್ರವೇಶ ದೊರೆಯಿತು. ೧೯೩೧ರಲ್ಲಿ ಚೀನಾಕ್ಕೆ ತೆರಳಿದ ವಾಂಗ್ ಅವರು ಮರಳಿ ಬರಲಿಲ್ಲ. ಬಹಿಷ್ಕಾರ ಕಾಯಿದೆ ರದ್ದಾದದ್ದು ೧೯೪೩ರಲ್ಲಿ.

ತೀರ್ಪಿನ ಪ್ರಭಾವ

ಅಕ್ರಮವಾಗಿ ನೆಲೆಸಿರುವವರ ಮಕ್ಕಳ ಪೌರತ್ವದ ಚರ್ಚೆಯಲ್ಲಿ ಈ ತೀರ್ಪನ್ನು ಎರಡು ಪಕ್ಷದವರೂ ಉಲ್ಲೇಖಿಸುತ್ತಾರೆ. ವಾಂಗ್ ಅವರ ತಂದೆತಾಯಿ ಕಾನೂನುಬದ್ಧವಾಗಿ ಕಾಯಂ ನೆಲೆಸಿದ್ದವರು, ಆದುದರಿಂದ ತೀರ್ಪು ಅಂಥವರ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ಒಂದು ವಾದ. ತೀರ್ಪು ಹೆಸರಿಸಿದ ಅಪವಾದಗಳಲ್ಲಿ ಅಕ್ರಮ ವಲಸಿಗರ ಮಕ್ಕಳಿಲ್ಲ, ದೇಶದ ಕಾನೂನಿಗೆ ಅವರೂ ಒಳಪಟ್ಟವರೇ ಎಂಬುದು ಪ್ರತಿವಾದ. ವಾಂಗ್ ಅವರು ಹುಟ್ಟಿದಾಗ ಬಹಿಷ್ಕಾರ ಕಾಯಿದೆ ಬಂದಿರಲಿಲ್ಲವಾದ್ದರಿಂದ ತಂದೆತಾಯಿ ಅಕ್ರಮ ವಲಸಿಗರೇ ಎಂಬ ಪ್ರಶ್ನೆ ಈ ಮೊಕದ್ದಮೆಯಲ್ಲಿ ಏಳಲಿಲ್ಲ. ೨೦೨೫ರ ಜನವರಿ ೨೦ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಅಕ್ರಮವಾಗಿ ಅಥವಾ ತಾತ್ಕಾಲಿಕವಾಗಿ ಇರುವ ತಾಯಿಗೆ ಹುಟ್ಟಿದ ಮಗುವಿಗೆ, ತಂದೆ ಪೌರನೋ ಕಾಯಂ ನಿವಾಸಿಯೋ ಆಗಿರದಿದ್ದರೆ, ಪೌರತ್ವವಿಲ್ಲವೆಂಬ ಆದೇಶ ಹೊರಡಿಸಿದರು. ಅದನ್ನು ಪ್ರಶ್ನಿಸಿದವರು ಮುಖ್ಯವಾಗಿ ಆಧರಿಸಿದ್ದು ವಾಂಗ್ ಕಿಮ್ ಆರ್ಕ್ ಪ್ರಕರಣವನ್ನೇ.