ಕಾಲ್ಚೆಂಡಿನ ನಗೇಂದ್ರಪ್ರಸಾದರು

ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ಆಟವೆಂದರೆ ಕಬಡ್ಡಿ, ಇಲ್ಲವೆ ವಾಲಿಬಾಲ್. ಎರಡು ಕಂಬ ನೆಟ್ಟು ಬಲೆ ಕಟ್ಟುವಷ್ಟು ಸಮತಟ್ಟಾದ ನೆಲ ಸಿಕ್ಕಿದರೆ ವಾಲಿಬಾಲ್ ಆಯಿತು. ಅಷ್ಟೂ ಸಿಕ್ಕದಿದ್ದರೆ ಕಬಡ್ಡಿ ಇದ್ದೇ ಇದೆ. ಕಾಲ್ಚೆಂಡಾಟವನ್ನು ನಾವು ಬಹುಮಟ್ಟಿಗೆ ಟೆಲಿವಿಷನ್ನಿನಲ್ಲಿ ನೋಡಿ ಸಂತೋಷಪಡುವವರು. ಹೀಗಿರುವಾಗ ಈ ವರ್ಷ ನಮ್ಮ ಕಾಲೇಜಿನ ಕ್ರೀಡಾಸಂಘದ ಸಭೆಯಲ್ಲಿ ಕೆಲವು ವಿದ್ಯಾರ್ಥಿಗಳು ಎದ್ದು, ನಮ್ಮಲ್ಲಿಯೂ ಒಂದು ಕಾಲ್ಚೆಂಡಿನ ತಂಡವಾಗಬೇಕೆಂದು ಕೇಳಿದಾಗ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಬಳಿಕ ಆಕ್ಷೇಪಗಳು ಒಂದರ ಹಿಂದೊಂದಾಗಿ ಬಂದುವು. ಗುಡ್ಡ ಕಡಿದು ಮಾಡಿದ ನಮ್ಮ ಮೈದಾನ ಉದ್ದದಲ್ಲಿ ನೂರು ಮೀಟರು ಬಾರದು. ಚೆಂಡು ಅಂಚು ದಾಟಿತೆಂದರೆ ಅದನ್ನು ಕೆಳಗಿನ ಅಡಕೆ ತೋಟದ ತೋಡಿನಲ್ಲಿಯೇ ಹುಡುಕಬೇಕು. ಕಾಲೇಜು ಸರಿಯಾಗಿ ಸಾಗತೊಡಗುವ ಹೊತ್ತಿಗೆ ಮಳೆಯೂ ಹಿಡಿದಿರುತ್ತದೆ. ಸಂಜೆಯ ಬಸ್ಸು ತಪ್ಪಿದರೆ ದೂರದ ಹಳ್ಳಿಯವರಿಗೆ ಮನೆ ಸೇರುವ ದಾರಿಯಿಲ್ಲ. ಬೂಟು, ಬಲೆ, ಕಂಬ, ಕಲಿಸುವವರು, ಇಷ್ಟಕ್ಕೂ ಹಣವೆಲ್ಲಿಯದು? ಈ ಆಕ್ಷೇಪಗಳಲ್ಲಿ ಸುಳ್ಳಾದುದು ಒಂದೂ ಇರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ತೀರ್ಮಾನವನ್ನು ಮುಂದಿನ ಸಭೆಗೆ ಇಟ್ಟುಕೊಂಡು ಎಲ್ಲರೂ ಚಹಾ ಕುಡಿದು ಎದ್ದೆವು.

ನಾನು ಕನ್ನಡ ಪಾಠ ಹೇಳುವವನು. ಆಟದ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗೆ ಅಲ್ಪ. ಆದರೆ ಆ ಸಂಜೆ ಮನೆಗೆ ಹೋಗುವಾಗ ನನ್ನ ಮನಸ್ಸಿಗೆ ಬಂದವರು ನಗೇಂದ್ರಪ್ರಸಾದ ಸರ್ವಾಧಿಕಾರಿಯವರು. ಭಾರತದ ಕಾಲ್ಚೆಂಡಾಟದ ಜನಕರೆಂದು ಅವರನ್ನು ಕರೆಯುವುದು ವಾಡಿಕೆ. ಬಂಗಾಳದಲ್ಲಿ ಅವರ ಹೆಸರು ಚೆನ್ನಾಗಿ ಗೊತ್ತು. ೨೦೨೧ರಲ್ಲಿ ಅವರ ಬಾಳನ್ನು ಕುರಿತು ಬಂಗಾಳಿಯಲ್ಲೊಂದು ಚಲಚ್ಚಿತ್ರವೂ ಬಂದಿತು. ನಮ್ಮ ಕಡೆ ಅವರನ್ನು ಬಲ್ಲವರು ಕಡಿಮೆ. ನಮ್ಮ ಸಭೆಯಲ್ಲಿ ಎದ್ದ ಪ್ರಶ್ನೆಯನ್ನು ಅವರು ಶಾಲೆಯ ಹುಡುಗನಾಗಿದ್ದಾಗಲೇ ಎದುರಿಸಿದ್ದವರಾದುದರಿಂದ ಅವರ ಕತೆಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದೆಂದು ನಂಬಿದ್ದೇನೆ.

ನಗೇಂದ್ರಪ್ರಸಾದರು ೧೮೬೯ರಲ್ಲಿ ಹುಟ್ಟಿದರು. ತಂದೆ ಸೂರ್ಯಕುಮಾರ ಸರ್ವಾಧಿಕಾರಿಯವರು ಕಲ್ಕತ್ತೆಯಲ್ಲಿ ಹೆಸರಾಂತ ವೈದ್ಯರು. ಮನೆತನ ವಿದ್ಯೆಗೆ ಪ್ರಸಿದ್ಧವಾದುದು. ಸೋದರರಲ್ಲೊಬ್ಬರಾದ ದೇವಪ್ರಸಾದರು ಮುಂದೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಇಂಥ ಮನೆಯ ಹುಡುಗ ಪುಸ್ತಕದಿಂದ ತಲೆಯೆತ್ತಿ ಬಯಲಿಗಿಳಿದುದೇ ಒಂದು ವಿಶೇಷ.

೧೮೭೭ರ ಮಾತು. ತಾಯಿಯೊಡನೆ ಗಾಡಿಯಲ್ಲಿ ಗಂಗಾಸ್ನಾನಕ್ಕೆ ಹೋಗುತ್ತಿದ್ದಾಗ ದಾರಿಯ ಬಯಲಿನಲ್ಲಿ ಬಿಳಿಯರು ಒಂದು ಚೆಂಡನ್ನು ಒದೆಯುತ್ತ ಓಡಾಡುತ್ತಿದ್ದುದು ಬಾಲಕನ ಕಣ್ಣಿಗೆ ಬಿದ್ದಿತಂತೆ. ಗಾಡಿ ನಿಂತಿತು, ಹುಡುಗ ಇಳಿದು ನೋಡುತ್ತ ನಿಂತ. ಚೆಂಡು ಉರುಳುತ್ತ ಅವನ ಬಳಿ ಬಂದಿತು. ಅವನು ಅದನ್ನು ಕೈಯಲ್ಲೆತ್ತಿಕೊಂಡ. ಒದ್ದು ಕಳಿಸೆಂದು ಆಟಗಾರನೊಬ್ಬ ಸೂಚಿಸಿದ, ಹುಡುಗ ಒದ್ದ. ಕತೆ ಇಷ್ಟೇ. ಹಿರಿಯರ ಬಾಲ್ಯದ ಇಂಥ ಕತೆಗಳು ಬಾಯಿಂದ ಬಾಯಿಗೆ ಹೋಗುವಾಗ ಒಂದಿಷ್ಟು ಬಣ್ಣ ಕಟ್ಟಿಕೊಳ್ಳುವುದುಂಟು. ಇದರಲ್ಲಿ ಬಣ್ಣವೆಷ್ಟು ಎಂದು ವಿಚಾರಿಸುವ ಗೋಜಿಗೆ ನಾನು ಹೋಗುವುದಿಲ್ಲ. ನನಗೆ ಮುಖ್ಯವೆನಿಸುವುದು ಅನಂತರ ನಡೆದುದು.

ಅವರು ಹೇರ್ ಶಾಲೆಯ ವಿದ್ಯಾರ್ಥಿ. ತರಗತಿಯ ಗೆಳೆಯರಿಗೆ ತಾನು ಕಂಡುದನ್ನು ಹೇಳಿದರು. ಹುಡುಗರು ಕೈಯಲ್ಲಿದ್ದ ಕಾಸುಗಳನ್ನು ಕೂಡಿಹಾಕಿ ಬಿಳಿಯರ ಅಂಗಡಿಯೊಂದರಿಂದ ಚೆಂಡು ಕೊಂಡು ತಂದರು. ತಂದುದು ಕಾಲ್ಚೆಂಡಲ್ಲ, ಹಲಸಿನ ಕಾಯಿಯಂತೆ ಉದ್ದುದ್ದವಾದ ರಗ್ಬಿ ಚೆಂಡು! ಅವರಿಗೆ ಅದರ ಭೇದ ಗೊತ್ತಿಲ್ಲ. ಒದ್ದರೆ ಎತ್ತಲೋ ಹೋಗುವ ಆ ಚೆಂಡನ್ನು ಶಾಲೆಯ ಅಂಗಳದಲ್ಲಿ ಅವರು ಒದ್ದರು, ಬಿದ್ದರು, ಎದ್ದರು. ನೆರೆಯ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾದ ಸ್ಟ್ಯಾಕ್ ಎಂಬವರು ಈ ಗದ್ದಲವನ್ನು ನೋಡಿ ಹತ್ತಿರ ಬಂದರು. ಅವರು ನಗಲಿಲ್ಲ, ಗದರಲಿಲ್ಲ. ಹುಡುಗರು ಕೊಂಡುದು ಬೇರೆ ಆಟದ ಚೆಂಡೆಂದು ತಿಳಿಸಿ, ದುಂಡನೆಯ ಚೆಂಡೊಂದನ್ನು ತರಿಸಿಕೊಟ್ಟರು. ಆಟದ ನಿಯಮಗಳನ್ನೂ ಹೇಳಿಕೊಟ್ಟರು. ಅಧ್ಯಾಪಕರಾದ ನಾವು ಸಭೆಯಲ್ಲಿ ಕುಳಿತು ಅಡಚಣೆಗಳ ಪಟ್ಟಿ ಮಾಡುತ್ತಿದ್ದಾಗ ನನಗೆ ಈ ಸ್ಟ್ಯಾಕರ ನೆನಪು ಬಂದು ಸ್ವಲ್ಪ ನಾಚಿಕೆಯಾಯಿತು.

ಆ ಕಾಲದಲ್ಲಿ ಈ ಆಟಕ್ಕೆ ಇನ್ನೊಂದು ಅರ್ಥವೂ ಇದ್ದಿತು. ಬಂಗಾಳಿಗಳೆಂದರೆ ಮೈಯಲ್ಲಿ ಕಸುವಿಲ್ಲದವರು, ಬರೆಯುವುದಕ್ಕಷ್ಟೇ ಲಾಯಕ್ಕಾದವರು ಎಂಬ ಮಾತು ಆಳುವವರ ಬಾಯಲ್ಲಿ ನೆಲೆನಿಂತಿತ್ತು. ಮೆಕಾಲೆಯಂಥ ವಿದ್ವಾಂಸನೇ ವಾರನ್ ಹೇಸ್ಟಿಂಗ್ಸನ ಮೇಲಿನ ತನ್ನ ಪ್ರಬಂಧದಲ್ಲಿ ಅದನ್ನು ಬರೆದಿಟ್ಟಿದ್ದನು. ಓದುವ ಹುಡುಗರೂ ಅದನ್ನೇ ಓದಿ ನಂಬತೊಡಗಿದ್ದರು. ಇದಕ್ಕೆ ಇನ್ನೊಂದು ಪ್ರಬಂಧ ಬರೆದು ಉತ್ತರ ಹೇಳುವವರು ಬಂಗಾಳದಲ್ಲಿ ಬೇಕಾದಷ್ಟು ಮಂದಿ ಇದ್ದರು. ನಗೇಂದ್ರಪ್ರಸಾದರು ಚೆಂಡನ್ನು ಆರಿಸಿಕೊಂಡರು.

ಶಾಲೆಯ ಹುಡುಗರ ಕೂಟವಾಗಿ ಹುಟ್ಟಿದುದು ಅವರು ಪ್ರೆಸಿಡೆನ್ಸಿ ಕಾಲೇಜಿಗೆ ಬಂದಾಗ ಕಾಲೇಜಿಗೂ ಬಂದಿತು. ಗಮನಿಸಬೇಕಾದ ಸಂಗತಿಯೆಂದರೆ, ಕಾಲೇಜು ತಂಡವನ್ನು ಕಟ್ಟಿ ಹುಡುಗರನ್ನು ಕರೆದುದಲ್ಲ. ಹುಡುಗರು ಮೊದಲು ಆಡಿದರು, ಕಾಲೇಜು ಆಮೇಲೆ ನೋಡಿತು. ಸ್ವಂತ ಮೈದಾನವೆಂಬುದು ಅವರಿಗೂ ಇರಲಿಲ್ಲ. ಕಲ್ಕತ್ತೆಯ ಮೈದಾನ ಸೈನ್ಯದ ವಶದಲ್ಲಿದ್ದ ಬಯಲು. ನಗೇಂದ್ರಪ್ರಸಾದರು ಒಂದರ ಮೇಲೊಂದರಂತೆ ಕೂಟಗಳನ್ನು ಕಟ್ಟುತ್ತ ಹೋದರು. ಕೆಲವು ಬಾಳಿದುವು, ಕೆಲವು ಅಳಿದುವು. ಅವೆಲ್ಲವನ್ನೂ ಇಲ್ಲಿ ಹೆಸರಿಸಬೇಕಾದುದಿಲ್ಲ. ಅವುಗಳಲ್ಲಿ ವೆಲಿಂಗ್ಟನ್ ಕ್ಲಬ್ಬಿನ ಸಂಗತಿಯನ್ನು ಮಾತ್ರ ಹೇಳಲೇಬೇಕು.

೧೮೮೪ರ ಸುಮಾರಿಗೆ ಹುಟ್ಟಿದ ವೆಲಿಂಗ್ಟನ್ ಕ್ಲಬ್ಬು ಅವರ ಪ್ರೀತಿಯ ಕೂಸು. ಒಳ್ಳೆಯ ಮನೆತನಗಳ ತರುಣರು ಅದರಲ್ಲಿ ಸೇರಿದ್ದರು. ಅದಕ್ಕೆ ಹೆಸರೂ ಬಂದಿತ್ತು. ಆಗ ಅವರು ಮಣಿ ದಾಸನೆಂಬ ತರುಣನನ್ನು ಸದಸ್ಯನಾಗಿ ಸೇರಿಸಿಕೊಳ್ಳಲು ಹೊರಟರು. ಮಣಿ ದಾಸ ಕುಂಬಾರನ ಮಗ, ಆಟದಲ್ಲಿ ಗಟ್ಟಿಗ. ಮೇಲುಜಾತಿಯ ಸದಸ್ಯರು ಹುಬ್ಬು ಗಂಟಿಕ್ಕಿದರು. ಕುಂಬಾರರ ಹುಡುಗನೊಡನೆ ಸಮಸಮವಾಗಿ ಆಡುವುದು, ಕೂರುವುದು ತಮ್ಮಿಂದಾಗದೆಂದರು. ಇಂಥ ಸಂದರ್ಭದಲ್ಲಿ ಹಿರಿಯರು ಸಾಮಾನ್ಯವಾಗಿ ಹಿಡಿಯುವ ಹಾದಿ ನಮಗೆಲ್ಲ ಗೊತ್ತು. ಕಾಲ ಇನ್ನೂ ಪಕ್ವವಾಗಿಲ್ಲವೆಂದು ಹುಡುಗನಿಗೆ ಸಮಾಧಾನ ಹೇಳಿ, ಕ್ಲಬ್ಬು ಉಳಿದರೆ ತಾನೆ ಮುಂದೊಂದು ದಿನ ಎಲ್ಲರನ್ನೂ ಸೇರಿಸಿಕೊಳ್ಳುವುದೆಂದು ತಮಗೂ ಸಮಾಧಾನ ಹೇಳಿಕೊಳ್ಳುವುದು. ಅದು ಕೆಟ್ಟ ವಾದವೂ ಅಲ್ಲ. ಅನೇಕ ಸಂಸ್ಥೆಗಳು ಉಳಿದಿರುವುದೇ ಆ ವಾದದಿಂದ.

ನಗೇಂದ್ರಪ್ರಸಾದರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರಿಗೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ನಮ್ಮ ಪದವಿ ತರಗತಿಯ ಹುಡುಗರಷ್ಟೇ ವಯಸ್ಸು. ತಾವು ಕಟ್ಟಿದ ಕ್ಲಬ್ಬನ್ನು ತಾವೇ ಮುಚ್ಚಿಬಿಟ್ಟರು. ಹೆಸರು, ಆಟಗಾರರು, ವರ್ಷಗಳ ದುಡಿಮೆ, ಎಲ್ಲವೂ ಅದರೊಡನೆ ಹೋಯಿತು. ೧೮೮೭ರಲ್ಲಿ ಹೊಸದಾಗಿ ಶೋಭಾಬಜಾರ್ ಕ್ಲಬ್ಬು ಹುಟ್ಟಿತು. ಅದರ ಮೊದಲ ಸದಸ್ಯರ ಸಾಲಿನಲ್ಲಿ ಕುಂಬಾರನ ಮಗನಾದ ಮಣಿ ದಾಸನಿದ್ದನು. ಮುಂದೆ ಅವನು ಮೋಹನ್ ಬಾಗಾನಿನ ಪರವಾಗಿಯೂ ಆಡಿದನು. ಕತೆಯ ಈ ಭಾಗವನ್ನು ಓದಿದಾಗಲೆಲ್ಲ ನನಗೆ ಅನಿಸುವುದುಂಟು, ಆ ಚೆಂಡೂ ತೊಗಲಿನದೇ ಅಲ್ಲವೆ? ತೊಗಲನ್ನು ಮುಟ್ಟಲು ಅಂಜದ ಮೇಲುಜಾತಿಯ ಕಾಲುಗಳು ಮನುಷ್ಯನ ಮುಂದೆ ಅಂಜಿ ನಿಂತವು!

ಒಂದು ಮಾತನ್ನು ಮರೆಸಬಾರದು. ನಗೇಂದ್ರಪ್ರಸಾದರು ಬಡವರಲ್ಲ. ಅವರು ಶೋಭಾಬಜಾರಿನ ರಾಜಮನೆತನವಾದ ದೇವ್ ವಂಶದ ಅಳಿಯರು. ಹೊಸ ಕ್ಲಬ್ಬಿಗೆ ಸಿರಿವಂತರ ಆಶ್ರಯವೂ ದೊರೆಯಿತು. ಮೊದಲ ಚೆಂಡು ಹುಡುಗರ ಕಾಸಿನಿಂದ ಬಂದಿತೆಂಬುದು ಎಷ್ಟು ನಿಜವೋ, ಆಟ ಬೆಳೆದುದು ರಾಜರ ಕಾಸಿನಿಂದಲೂ ಎಂಬುದು ಅಷ್ಟೇ ನಿಜ. ನಮ್ಮ ಕಾಲೇಜಿಗೆ ರಾಜರಿಲ್ಲ. ಆದರೂ ಒಂದು ಚೆಂಡಿನ ಬೆಲೆ ನಮ್ಮ ವಾರ್ಷಿಕೋತ್ಸವದಲ್ಲಿ ಅತಿಥಿಗಳ ಕೊರಳಿಗೆ ಬೀಳುವ ಹಾರಗಳ ಬೆಲೆಗಿಂತ ಬಹಳ ಹೆಚ್ಚಾಗಲಾರದು.

೧೮೮೯ರಲ್ಲಿ ಟ್ರೇಡ್ಸ್ ಕಪ್ ಎಂಬ ಪಂದ್ಯಾವಳಿ ಮೊದಲಾಯಿತು. ೧೮೯೨ರಲ್ಲಿ ಅದೇ ಪಂದ್ಯಾವಳಿಯಲ್ಲಿ ಶೋಭಾಬಜಾರ್ ತಂಡ ಈಸ್ಟ್ ಸರ್ರೆ ರೆಜಿಮೆಂಟಿನ ಬಿಳಿಯ ಸೈನಿಕರನ್ನು ಸೋಲಿಸಿತು. ಮರುವರ್ಷ, ೧೮೯೩ರಲ್ಲಿ, ಇಂಡಿಯನ್ ಫುಟ್ಬಾಲ್ ಅಸೋಸಿಯೇಷನ್ ಕಲ್ಕತ್ತೆಯಲ್ಲಿ ಸ್ಥಾಪಿತವಾದಾಗ ಅದರ ಸ್ಥಾಪಕರ ನಡುವೆ ಇದ್ದ ಭಾರತೀಯರು ನಗೇಂದ್ರಪ್ರಸಾದರು. ೧೯೧೧ರ ಜುಲೈ ೨೯ರಂದು ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಎರಡು ಗೋಲುಗಳಿಗೆ ಒಂದರಂತೆ ಸೋಲಿಸಿ ಶೀಲ್ಡನ್ನು ಗೆದ್ದ ಸಂಗತಿ ಎಲ್ಲರಿಗೂ ಗೊತ್ತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಅಂದು ಬರಿಗಾಲಿನವರು. ಆ ಗೆಲುವಿಗೆ ಹತ್ತೊಂಬತ್ತು ವರ್ಷ ಮೊದಲಿನ ಗೆಲುವು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಬೂಟಿನ ಮಾತು ಬಂದುದರಿಂದ ನಮ್ಮ ರಾಜ್ಯದವರನ್ನೂ ಇಲ್ಲಿ ನೆನೆಯಬೇಕು. ಬೆಂಗಳೂರು ಮುಸ್ಲಿಮ್ಸ್ ತಂಡ ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅಲ್ಲಿಯ ತನಕ ಆ ಕಪ್ಪು ಸೈನ್ಯದ ತಂಡಗಳ ಸೊತ್ತಿನಂತಿದ್ದಿತು. ೧೯೪೬-೪೭ರಲ್ಲಿ ಮೈಸೂರು ಸಂತೋಷ್ ಟ್ರೋಫಿಯನ್ನು ತಂದಿತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನಲ್ಲಿ ಆಡಿ ಬೆಳೆದ ಸಾರಂಗಪಾಣಿ ರಾಮನ್. ಆ ತಂಡದಲ್ಲಿಯೂ ಹೆಚ್ಚಿನವರ ಕಾಲಿಗೆ ಬೂಟಿರಲಿಲ್ಲ. ಆದುದರಿಂದ ಬೂಟಿಲ್ಲದೆ ಆಟವೇ ಇಲ್ಲವೆಂಬ ನಮ್ಮ ಸಭೆಯ ಆಕ್ಷೇಪವನ್ನು ಸ್ವಲ್ಪ ಸಡಿಲಿಸಬಹುದು. ನಮ್ಮ ಮುರಕಲ್ಲಿನ ನೆಲದಲ್ಲಿ ಬರಿಗಾಲಲ್ಲಿ ಓಡಿರೆಂದು ಮಾತ್ರ ನಾನು ಯಾರಿಗೂ ಹೇಳಲಾರೆ.

ಮಳೆಯ ಆಕ್ಷೇಪವೂ ಅಂಥದೇ. ಕಲ್ಕತ್ತೆಯಲ್ಲಿ ಕಾಲ್ಚೆಂಡಿನ ಕಾಲವೆಂದರೆ ಮಳೆಗಾಲ; ಹಿಂದೆ ತೊಗಲಿನ ಚೆಂಡು ನೀರು ಕುಡಿದು ಕಲ್ಲಿನಂತಾಗುತ್ತಿತ್ತು, ಈಗಿನ ಚೆಂಡಿಗೆ ಆ ದೋಷವಿಲ್ಲ. ಆಟಿ ತಿಂಗಳಲ್ಲಿ ಕೆಸರುಗದ್ದೆಗಿಳಿದು ದಿನವಿಡೀ ಹೊರಳಾಡುವ ನಾವು ಮಳೆಗೆ ಹೆದರುತ್ತೇವೆಂದರೆ ಯಾರು ನಂಬಿಯಾರು? ನೆಲದ ಅಳತೆಗೆ ಉಪಾಯ ನೆರೆಯ ಕೇರಳದಲ್ಲಿದೆ. ಮಲಪ್ಪುರದಲ್ಲಿ ಕೊಯ್ಲು ಮುಗಿದ ಗದ್ದೆಗಳಲ್ಲಿ ತಂಡಕ್ಕೆ ಏಳು ಮಂದಿಯಂತೆ ಆಡುತ್ತಾರೆ. ಅದಕ್ಕೆ ಸಾವಿರಗಟ್ಟಲೆ ಜನ ಸೇರುತ್ತಾರೆ. ನಮ್ಮಲ್ಲಿ ಏಣೆಲು ಕೊಯ್ದ ಗದ್ದೆಗಳು ಈಚೆಗೆ ಅಡಕೆ ತೋಟಗಳಾಗಿ ಕಡಿಮೆಯಾಗಿವೆಯಾದರೂ ಏಳು ಮಂದಿಯ ಆಟಕ್ಕೆ ನಮ್ಮ ಮೈದಾನವೇ ಸಾಕು. ಬಸ್ಸಿನ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ. ಬೆಳಗ್ಗಿನ ಬಸ್ಸಿನಲ್ಲಿ ಬಂದು ಗಂಟೆ ಬಾರಿಸುವ ಮೊದಲು ಅರ್ಧ ತಾಸು ಆಡುವುದು ಸಾಧ್ಯವೇ ಎಂದು ವಿದ್ಯಾರ್ಥಿಗಳೇ ಹೇಳಬೇಕು.

ಆದರೆ ಸಭೆಯಲ್ಲಿ ಯಾರೂ ಎತ್ತದ ಪ್ರಶ್ನೆಯೊಂದು ಉಳಿಯಿತು. ತಂಡ ಬೇಕೆಂದು ಎದ್ದವರೆಲ್ಲ ಹುಡುಗರು, ಬೇಡವೆಂದವರೂ ಗಂಡಸರೇ. ನಮ್ಮ ಕಾಲೇಜಿನ ತರಗತಿಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರಿಗಿಂತ ಹೆಚ್ಚು. ಮಹಿಳೆಯರ ಕಾಲ್ಚೆಂಡಿಗೆಂದೇ ಈ ದೇಶದಲ್ಲಿ ಒಂದು ಒಕ್ಕೂಟ ಹುಟ್ಟಿದುದು ೧೯೭೫ರಲ್ಲಿ. ಅರ್ಧ ಶತಮಾನದ ಬಳಿಕ ನಾವು ಮಾತನಾಡಿದುದು ಹನ್ನೊಂದು ಹುಡುಗರ ಒಂದು ತಂಡದ ಬಗೆಗೆ. ಸಭೆಯ ಹಿಂದಿನ ಸಾಲಿನಲ್ಲಿ ನಾಲ್ಕಾರು ವಿದ್ಯಾರ್ಥಿನಿಯರು ಕುಳಿತಿದ್ದರು. ಅವರನ್ನು ಯಾರೂ ಕೇಳಲಿಲ್ಲ; ಕೇಳದವರಲ್ಲಿ ನಾನೂ ಒಬ್ಬ. ಅಂದು ನಾವು ಯಾರನ್ನೂ ಹೊರಗಿಡಬೇಕೆಂದು ತೀರ್ಮಾನಿಸಿದವರಲ್ಲ, ನಿಜ. ತೀರ್ಮಾನಿಸದೆಯೇ ಹೊರಗಿಟ್ಟಿದ್ದೆವು.

ನಗೇಂದ್ರಪ್ರಸಾದರು ೧೯೪೦ರ ಜನವರಿಯಲ್ಲಿ ಎಪ್ಪತ್ತು ವರ್ಷದವರಾಗಿ ತೀರಿಕೊಂಡರು. ಅಷ್ಟರಲ್ಲಿ ಮೋಹನ್ ಬಾಗಾನ್, ಮೊಹಮ್ಮಡನ್ ಸ್ಪೋರ್ಟಿಂಗ್, ಈಸ್ಟ್ ಬೆಂಗಾಲ್ ತಂಡಗಳ ಆಟ ನೋಡಲು ಕಲ್ಕತ್ತೆಯೇ ಮೈದಾನಕ್ಕೆ ಹರಿದುಬರುತ್ತಿತ್ತು. ಶೋಭಾಬಜಾರಿನ ಹೆಸರು ಹಿಂದೆ ಸರಿದಿತ್ತು.

ಮುಂದಿನ ಸಭೆ ಜುಲೈ ತಿಂಗಳಲ್ಲಿ ಸೇರಲಿದೆ. ಎರಡು ಚೆಂಡುಗಳನ್ನು ಕೊಳ್ಳುವ ಪ್ರಸ್ತಾಪವನ್ನು ನಾನು ಬರೆದು ಕೊಟ್ಟಿದ್ದೇನೆ. ಸೇರಬಯಸುವವರು ಹೆಸರು ಬರೆಯಲೆಂದು ಸೂಚನಾ ಫಲಕದಲ್ಲಿ ಒಂದು ಹಾಳೆಯನ್ನೂ ಅಂಟಿಸಲಾಗಿದೆ. ಹಾಳೆಯ ತಲೆಯಲ್ಲಿ ಹುಡುಗರು ಎಂಬ ಮಾತನ್ನು ಬರೆದಿಲ್ಲ. ಈ ಲೇಖನವನ್ನು ಸಂಪಾದಕರ ಕೈಗೆ ಕೊಡುವ ಹೊತ್ತಿಗೆ ಅದರಲ್ಲಿ ಹದಿನಾಲ್ಕು ಹೆಸರುಗಳಿದ್ದುವು, ಅವುಗಳಲ್ಲಿ ಐದು ವಿದ್ಯಾರ್ಥಿನಿಯರವು.