ನೆರೆ ಇಳಿದ ಮೇಲೆ ಲೆಕ್ಕ ಹಿಡಿದ ಇಂಜಿನಿಯರ್: ಸರ್ ಎಂ. ವಿಶ್ವೇಶ್ವರಯ್ಯ

ಜ್ವಾಲಾಮುಖಿಯ ಪಾಠ ಮಾಡುವಾಗಲೆಲ್ಲ ಮಕ್ಕಳು ಅದು ನಮ್ಮೂರಲ್ಲೂ ಸಿಡಿಯುತ್ತದೆಯೇ ಎಂದು ಕೇಳುತ್ತಾರೆ. ಭಾರತದ ಸಕ್ರಿಯ ಜ್ವಾಲಾಮುಖಿ ಇರುವುದು ದೂರದ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ. ಆದರೆ ನಂಜನಗೂಡಿನವರಿಗೆ ಕಪಿಲೆ, ತಿ. ನರಸೀಪುರದವರಿಗೆ ಕಪಿಲೆ-ಕಾವೇರಿಗಳ ಸಂಗಮ ಮನೆಯ ಹತ್ತಿರವೇ ಇದೆ. ನಮಗಿರುವ ಅಪಾಯ ನೀರಿನದು. ಆದ್ದರಿಂದ ನೆರೆಗೆ ಮುಂಚಿತವಾಗಿ ಸಿದ್ಧರಾಗುವುದನ್ನು ಕಲಿಸಿದ ಮಹನೀಯರೊಬ್ಬರನ್ನು ಇಲ್ಲಿ ನೆನೆಯೋಣ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರು ಕೊಚ್ಚಿಹೋದರು. ಉರ್ದು ರುಬಾಯಿಗಳಿಗೆ ಹೆಸರಾದ ಅಮ್ಜದ್ ಹೈದರಾಬಾದಿಯವರು ಆ ಒಂದೇ ದಿನ ತಾಯಿ, ಹೆಂಡತಿ ಮತ್ತು ಮಗಳನ್ನು ಕಳೆದುಕೊಂಡರು.

ನಿಜಾಮ್ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. 1909ರಲ್ಲಿ ಬಂದ ಅವರು ಮೊದಲು ಮಾಡಿದ್ದು ಮಾಹಿತಿ ಸಂಗ್ರಹ. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ನದಿಯಲ್ಲಿ ಎಷ್ಟು ನೀರು ಹರಿಯಿತು ಎಂದು ಲೆಕ್ಕ ಹಾಕಿದರು. ಮೇಲಿನ ಕೆರೆಗಳು ಒಂದರ ಹಿಂದೊಂದು ಒಡೆದದ್ದೂ ಅನಾಹುತಕ್ಕೆ ಕಾರಣವೆಂದು ಕಂಡುಕೊಂಡರು. ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಈಸಿ ನದಿಗಳಿಗೆ ಜಲಾಶಯ ಕಟ್ಟಬೇಕು, ನೆರೆಯ ನೀರನ್ನು ಅಲ್ಲಿ ತಡೆದು ನಿಧಾನವಾಗಿ ಬಿಡಬೇಕು ಎಂದು ಸಲಹೆ ಕೊಟ್ಟರು. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನಿರ್ಮಾಣವಾಗಿ, ನೆರೆ ತಡೆಯುವುದರ ಜೊತೆಗೆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಅದೇ ವರ್ಷ ಮೈಸೂರಿನ ಮುಖ್ಯ ಇಂಜಿನಿಯರ್ ಆದ ಅವರು ಕನ್ನಂಬಾಡಿ ಕಟ್ಟೆಯ ಯೋಜನೆ ರೂಪಿಸಿದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪಡೆದು, ನೂರು ವರ್ಷ ದಾಟಿದ ತುಂಬು ಬಾಳಿನ ನಂತರ 1962ರಲ್ಲಿ ನಿಧನರಾದರು.

ಕಟ್ಟೆ ಇದೆಯೆಂದು ನಾವು ಮೈಮರೆಯುವಂತಿಲ್ಲ. ಉಸ್ಮಾನ್ ಸಾಗರ ಇದ್ದರೂ 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನ ಬಡಾವಣೆಗಳು ಮುಳುಗಿದವು. ನಮ್ಮಲ್ಲೂ ವಯನಾಡಿನಲ್ಲಿ ಭಾರಿ ಮಳೆಯಾದರೆ ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ನೀರು ಬಿಡಲೇಬೇಕಾಗುತ್ತದೆ. ಆಗ ನಂಜನಗೂಡಿನಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯೇ ಮುಳುಗಿತ್ತು.

ವಿದ್ಯಾರ್ಥಿಗಳೇ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಬರೆದಿಡಿ. ಜಲಾಶಯದ ಒಳಹರಿವು, ಹೊರಹರಿವಿನ ಅಂಕಿಗಳನ್ನು ಪತ್ರಿಕೆಯಲ್ಲಿ ಓದಿ ಮನೆಯವರಿಗೆ ತಿಳಿಸಿ. ಅಂಕಪಟ್ಟಿ, ಪಡಿತರ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ. ಎಚ್ಚರಿಕೆ ಬಂದ ಕೂಡಲೇ ಅಜ್ಜ-ಅಜ್ಜಿಯರನ್ನು ಮೊದಲು ಸುರಕ್ಷಿತ ಜಾಗಕ್ಕೆ ಕರೆದೊಯ್ಯಿರಿ. ವಿಶ್ವೇಶ್ವರಯ್ಯನವರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ ಆಗಿದೆ.